ಮೋಟಾರ್ ಹಾಕಿದಾಗ ಹೋಗುತ್ತಿದ್ದ ನೆಟ್: ವಿದ್ಯಾನಗರದ ಒಂದು ಮನೆಯ ಪ್ರಕರಣ

ದಾವಣಗೆರೆಯ ವಿದ್ಯಾನಗರದ ಎರಡಂತಸ್ತಿನ ಮನೆಯೊಂದರಲ್ಲಿ ಸುಮಾರು ಎಂಟು ತಿಂಗಳ ಕಾಲ ಇಂಟರ್ನೆಟ್ ನೆಟ್ಟಗೆ ನಿಲ್ಲಲಿಲ್ಲ. ಈ ಅವಧಿಯಲ್ಲಿ ಮನೆಯವರು ಇಂಟರ್ನೆಟ್ ಕಂಪನಿಗೆ ಮೇಲಿಂದ ಮೇಲೆ ದೂರು ಕೊಟ್ಟಿದ್ದರು. ಕಂಪನಿಯ ಹುಡುಗರು ಬಂದು ರೌಟರನ್ನೇ ಬದಲಾಯಿಸಿ ಹೋಗಿದ್ದರು. ಸೊಸೆಯ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದ್ದೂ ಆಗಿತ್ತು. ಇಷ್ಟಾದ ಮೇಲೂ ತೊಂದರೆ ಇದ್ದಲ್ಲೇ ಇತ್ತು. ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ದುರಸ್ತಿ ಮಾಡಿಕೊಂಡು ಬಂದಿರುವ ನನಗೆ ಈ ಮನೆಯ ಕೆಲಸ ಮುಗಿಯಲು ಒಂದು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ವಾರ ನನ್ನ ತಪ್ಪಿನಿಂದಲೇ ಹೋಯಿತು. ಒಂದೇ ದೂರಿನ ಹಿಂದೆ ಎರಡು ದೋಷಗಳಿದ್ದು, ಒಂದು ಇನ್ನೊಂದನ್ನು ಎಬ್ಬಿಸುತ್ತಿದ್ದುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮನೆಯ ಯಜಮಾನರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಬಡಾವಣೆಯವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರ ಜೊತೆ ಪತ್ನಿ, ಮಗ, ಸೊಸೆ ಮತ್ತು ಒಂಬತ್ತನೇ ತರಗತಿಯ ಮೊಮ್ಮಗ ಇದ್ದಾರೆ. ಸೊಸೆ ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಅವರ ದಿನದ ಕೊನೆಯ ಮೀಟಿಂಗ್ ಸಂಜೆ ಏಳೂವರೆಗೆ ಇರುತ್ತದೆ.

2020ರ ಲಾಕ್‌ಡೌನ್ ದಿನಗಳಲ್ಲಿ, ಮೊಮ್ಮಗನ ಆನ್‌ಲೈನ್ ಪಾಠಕ್ಕೆಂದು ಈ ಮನೆಗೆ ಫೈಬರ್ ಸಂಪರ್ಕ ಬಂದಿತ್ತು. ಫೈಬರ್ ತಂತಿ ನೇರವಾಗಿ ಬಂದು ಸೇರುವ, ರೌಟರ್ ಕೂಡ ತನ್ನೊಳಗೇ ಇರುವ ಒಂದೇ ಪೆಟ್ಟಿಗೆಯನ್ನು ಹಾಲ್‌ನ ಶೋಕೇಸಿನಲ್ಲಿ ಟಿವಿಯ ಪಕ್ಕ ಇಟ್ಟಿದ್ದರು. ಕಳೆದ ಜೂನ್‌ನಲ್ಲಿ ಸೊಸೆ ತಮ್ಮ ಕೆಲಸದ ಮೇಜನ್ನು ಮೇಲಿನ ಕೋಣೆಗೆ ಸಾಗಿಸಿದಾಗ, ಆರ್‌ಸಿಸಿ ಛಾವಣಿ ದಾಟಿ ವೈ-ಫೈ ಸರಿಯಾಗಿ ಬರುತ್ತಿರಲಿಲ್ಲ. ಆಗ ಸಂಬಂಧಿಕರ ಹುಡುಗನೊಬ್ಬ ಕೆಳಗಿನ ರೌಟರಿನಿಂದ ಮೇಲಕ್ಕೆ ಲ್ಯಾನ್ ಕೇಬಲ್ ಎಳೆದು, ಅಟ್ಟದಲ್ಲಿದ್ದ ಹಳೆಯ ರೌಟರೊಂದನ್ನು ಅದಕ್ಕೆ ಜೋಡಿಸಿ, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು ಹೋಗಿದ್ದ. ಅಲ್ಲಿಂದ ಮುಂದೆ ಮೇಲೂ ಕೆಳಗೂ ವೈ-ಫೈ ಗೆರೆಗಳು ತುಂಬಿಕೊಂಡೇ ಇದ್ದವು. ತೊಂದರೆ ಶುರುವಾದದ್ದು ಜುಲೈನಲ್ಲಿ. ನನ್ನನ್ನು ಕರೆದದ್ದು ಫೆಬ್ರವರಿಯಲ್ಲಿ.

ಮೊದಲ ದಿನ ನಾನು ಕೇಳಿಸಿಕೊಂಡ ದೂರುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. “ಸಂಜಿ ಆತು ಅಂದ್ರೆ ನೆಟ್ ಹೋಗ್ತೈತಿ ತಮ್ಮಾ, ಮೂರು ನಿಮಿಷಕ್ಕ ಮತ್ತೆ ಬರ್ತೈತಿ” ಎಂದರು ಮೇಷ್ಟ್ರು. ಸೊಸೆ ಒಪ್ಪಲಿಲ್ಲ. “ಮೂರು ನಿಮಿಷ ಅಲ್ಲ ಅಣ್ಣಾ, ನನಗೆ ಒಮ್ಮೊಮ್ಮೆ ರಾತ್ರಿ ಹತ್ತಾದರೂ ಬರುವುದಿಲ್ಲ. ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಒಂದು ಸಲ ಬರುತ್ತದೆ, ನಾಲ್ಕು ಸಲ ಬರುವುದಿಲ್ಲ” ಎಂದರು. ಮಾವನ ಫೋನಿನಲ್ಲಿ ನೆಟ್ ಓಡುತ್ತಿರುವಾಗಲೇ ಸೊಸೆಯ ಲ್ಯಾಪ್‌ಟಾಪಿನಲ್ಲಿ ‘ಸಂಪರ್ಕವಿದೆ, ಇಂಟರ್ನೆಟ್ ಇಲ್ಲ’ ಎಂದು ಬರುತ್ತಿದ್ದುದರಿಂದ ಮನೆಯವರೆಲ್ಲ ಲ್ಯಾಪ್‌ಟಾಪೇ ಕೆಟ್ಟಿದೆ ಎಂದು ನಂಬಿದ್ದರು. ಅದನ್ನು ಫಾರ್ಮ್ಯಾಟ್ ಮಾಡಿಸಿದ್ದು ಆ ನಂಬಿಕೆಯಿಂದಲೇ. ಆಕೆಯ ಮಾತನ್ನು ಅಷ್ಟು ತಿಂಗಳು ಯಾರೂ ಪೂರ್ತಿಯಾಗಿ ಕೇಳಿಸಿಕೊಂಡಿರಲಿಲ್ಲ ಎಂಬುದು ನನಗೆ ಈಗಲೂ ಬೇಸರ ತರುತ್ತದೆ. ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮೊದಲ ಭೇಟಿ

ಅದು ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ರೌಟರಿನ ಪುಟ ತೆರೆದು ಫೈಬರಿನಲ್ಲಿ ಬರುತ್ತಿರುವ ಬೆಳಕಿನ ಮಟ್ಟ ನೋಡಿದೆ: ಮೈನಸ್ 20.6 ಡಿಬಿಎಂ (ಸಿಗ್ನಲ್ಲಿನ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಈ ಬಗೆಯ ಫೈಬರ್ ಸಂಪರ್ಕದಲ್ಲಿ ಮೈನಸ್ 8ರಿಂದ ಮೈನಸ್ 27ರವರೆಗಿನ ಮಟ್ಟ ಕೆಲಸಕ್ಕೆ ಸಾಲುತ್ತದೆ. ಮೈನಸ್ 27 ದಾಟಿ ಕೆಳಗಿಳಿದರೆ ಎಲ್ಲೋ ತಂತಿ ಬಾಗಿದೆ ಅಥವಾ ಕನೆಕ್ಟರಿನಲ್ಲಿ ದೂಳು ಕೂತಿದೆ ಎಂದು ಅನುಮಾನಿಸಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ವೈ-ಫೈ ಸಿಗ್ನಲ್ ಹಾಲ್‌ನಲ್ಲಿ ಮೈನಸ್ 44, ಮೇಲಿನ ಕೋಣೆಯಲ್ಲಿ ಮೈನಸ್ 51 ಇತ್ತು, ಎರಡೂ ಚೆನ್ನಾಗಿದ್ದವು. ಅಕ್ಕಪಕ್ಕದ ಮನೆಗಳ ರೌಟರುಗಳು ಮಾತ್ರ 2.4 ಗಿಗಾಹರ್ಟ್ಸ್ ಎಂಬ ವೈ-ಫೈ ತರಂಗಪಟ್ಟಿಯಲ್ಲಿ ಕಿಕ್ಕಿರಿದಿದ್ದವು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಈ ಮನೆಯ ಎರಡೂ ರೌಟರುಗಳು 6ರಲ್ಲಿ ಇದ್ದುದನ್ನು ಕಂಡು, ಕೆಳಗಿನದನ್ನು 1ಕ್ಕೂ ಮೇಲಿನದನ್ನು 11ಕ್ಕೂ ಹಾಕಿ, ಸಂಜೆ ವೇಳೆ ಎಲ್ಲರೂ ನೆಟ್ ಬಳಸುವಾಗ ಆಗುತ್ತಿದ್ದ ಗದ್ದಲವೇ ಕಾರಣವಿರಬೇಕೆಂದು ಹೇಳಿ ಬಂದೆ.

ಆ ತೀರ್ಮಾನ ತಪ್ಪು. ಚಾನೆಲ್ ಬದಲಿಸಿದ್ದು ಒಳ್ಳೆಯ ಕೆಲಸವೇ. ಆದರೆ ಚಾನೆಲ್‌ಗಳ ಕಿಕ್ಕಿರಿಯುವಿಕೆಯಿಂದ ವೇಗ ಕುಂಠಿತವಾಗುತ್ತದೆಯೇ ಹೊರತು ಮನೆಯ ಎಲ್ಲ ಸಾಧನಗಳಿಗೂ ಏಕಕಾಲಕ್ಕೆ ಮೂರು ನಿಮಿಷ ನೆಟ್ ಹೋಗಿ ತಾನಾಗಿಯೇ ಮರಳುವುದಿಲ್ಲ. ಮೇಷ್ಟ್ರು ಹೇಳಿದ ಆ ಮೂರು ನಿಮಿಷದ ಲೆಕ್ಕವನ್ನು ನಾನು ಹಿಡಿದುಕೊಳ್ಳಬೇಕಿತ್ತು. ಎಲ್ಲವೂ ಸರಿಯಿದ್ದ ಹೊತ್ತಿನಲ್ಲಿ ಅಳೆದು, ಎಲ್ಲವೂ ಸರಿಯಿದೆ ಎಂಬ ಉತ್ತರ ಪಡೆದು ಬಂದಿದ್ದೆ. ಬುಧವಾರ ಸಂಜೆ ಫೋನ್ ಬಂತು: “ಮತ್ತೆ ಹೋತು ನೋಡಪ್ಪಾ.”

ಕ್ಯಾಲೆಂಡರಿನ ಹಿಂಬದಿ

ಆಗ ಮೇಷ್ಟ್ರಿಗೆ ಒಂದು ಕೆಲಸ ಒಪ್ಪಿಸಿದೆ. ನೆಟ್ ಹೋದ ಪ್ರತಿ ಸಲವೂ ಗಂಟೆ ಎಷ್ಟು, ಯಾರ ಸಾಧನದಲ್ಲಿ, ಮನೆಯ ಯಾವ ಭಾಗದಲ್ಲಿ, ಕೆಳಗಿನ ರೌಟರಿನ ದೀಪಗಳು ಆಗ ಹೇಗಿದ್ದವು, ಮನೆಯಲ್ಲಿ ಕರೆಂಟ್ ಇತ್ತೇ, ಮತ್ತೆ ಹೇಗೆ ಬಂತು ಎಂದು ಬರೆದಿಡಬೇಕು. ರೌಟರಿಗೆ ಯಾರೂ ಕೈ ಹಚ್ಚಬಾರದು, ಆಫ್ ಮಾಡಿ ಆನ್ ಮಾಡಲೂಬಾರದು ಎಂದೂ ಕೇಳಿಕೊಂಡೆ. ಹಾಗೆ ಆಫ್ ಮಾಡಿ ಆನ್ ಮಾಡಿದ ಕ್ಷಣದಲ್ಲಿ ದೋಷದ ಗುರುತೆಲ್ಲ ಅಳಿಸಿಹೋಗುತ್ತದೆ. ಮೇಷ್ಟ್ರು ಜನವರಿಯ ಕ್ಯಾಲೆಂಡರ್ ಹಾಳೆಯನ್ನು ಹರಿದು, ಅದರ ಹಿಂಬದಿಯಲ್ಲಿ ಸ್ಕೇಲಿನಿಂದ ಗೆರೆ ಎಳೆದು, ಹಾಜರಿ ಪುಸ್ತಕದಷ್ಟೇ ಶಿಸ್ತಿನಿಂದ ಎಂಟು ದಿನ ತುಂಬಿದರು. ಈ ಪ್ರಕರಣದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಉಪಕರಣ ಆ ಹಾಳೆಯೇ.

ಅದರಲ್ಲಿ ಹನ್ನೊಂದು ದಾಖಲೆಗಳಿದ್ದವು. ಏಳರ ಮುಂದೆ ‘ದೀಪಗಳೆಲ್ಲ ಆರಿ ಮತ್ತೆ ಹತ್ತಿದವು, ಕರೆಂಟ್ ಇತ್ತು’ ಎಂದಿತ್ತು. ನಾಲ್ಕರ ಮುಂದೆ ‘ದೀಪ ಸರಿ ಇವೆ, ನನ್ನ ಫೋನ್ ಸರಿ ಇದೆ, ಸೊಸೆಗೆ ಮಾತ್ರ ಇಲ್ಲ’ ಎಂದಿತ್ತು.

ಎಂಟು ತಿಂಗಳಿಂದ ಸಿಗದಿದ್ದ ತುದಿ ಇದು. ಫೈಬರ್ ಸಂಪರ್ಕ ಹೋದರೆ ಪವರ್ ದೀಪ ಉರಿಯುತ್ತಲೇ ಇದ್ದು ಎಲ್‌ಓಎಸ್ ಎಂದು ಬರೆದಿರುವ ದೀಪ ಕೆಂಪಾಗುತ್ತದೆ. ಕಂಪನಿಯ ಕಡೆಯ ಸರ್ವರ್‌ನಲ್ಲಿ ತೊಂದರೆಯಾದರೆ ಬಹುಮಟ್ಟಿಗೆ ಇಂಟರ್ನೆಟ್ ದೀಪವೊಂದೇ ಆರುತ್ತದೆ. ದೀಪಗಳೆಲ್ಲ ಒಟ್ಟಿಗೆ ಆರಿ, ಒಂದೊಂದಾಗಿ ಹತ್ತಿಕೊಂಡರೆ ಪೆಟ್ಟಿಗೆಯೇ ಸತ್ತು ಹುಟ್ಟಿದೆ ಎಂದರ್ಥ. ಅದು ಎದ್ದು, ಫೈಬರಿನ ಆ ತುದಿಯೊಂದಿಗೆ ಪರಿಚಯ ಮಾಡಿಕೊಂಡು, ವಿಳಾಸ ಪಡೆದು, ವೈ-ಫೈ ಬಿಡುವುದಕ್ಕೆ ಸುಮಾರು ಮೂರು ನಿಮಿಷ ಬೇಕು. ಮೇಷ್ಟ್ರ ಲೆಕ್ಕ ಸರಿಯಾಗಿ ಕೂಡಿಬಂತು.

ಉಳಿದ ನಾಲ್ಕು ದಾಖಲೆಗಳಲ್ಲಿ ಮೂರು, ದೀಪ ಆರಿದ ಅರ್ಧ ಗಂಟೆಯೊಳಗಿನವು. ಅವನ್ನು ಮೊದಲ ದೋಷದ ಬಾಲವೆಂದು ತಿಳಿದೆ. ನಾಲ್ಕನೆಯದು ಬೆಳಿಗ್ಗೆ ಹತ್ತು ಗಂಟೆಯದು, ಅದರ ಹಿಂದೆ ಮುಂದೆ ದೀಪ ಆರಿದ ಸುದ್ದಿಯೇ ಇರಲಿಲ್ಲ. ಅದನ್ನು ಪಕ್ಕಕ್ಕಿಟ್ಟೆ. ಇಡಬಾರದಿತ್ತು.

ಹಾಳೆ ಓದಿದ ಆ ರಾತ್ರಿ ಎಂಟು ಐವತ್ತಕ್ಕೆ ರೌಟರಿನ ಪುಟದಲ್ಲಿ ‘ಅಪ್‌ಟೈಮ್’ ನೋಡಿದೆ, ಅಂದರೆ ಅದು ಕೊನೆಯ ಸಲ ಎದ್ದು ಎಷ್ಟು ಹೊತ್ತಾಯಿತು ಎಂಬ ಲೆಕ್ಕ. 14 ಗಂಟೆ 40 ನಿಮಿಷ ಎಂದಿತ್ತು. ಹಾಗಾದರೆ ಅದು ಬೆಳಿಗ್ಗೆ ಆರು ಹತ್ತಕ್ಕೆ ಎದ್ದಿದೆ. ಹಾಳೆಯಲ್ಲಿ ಬೆಳಗಿನ ಜಾವದ ದಾಖಲೆ ಒಂದೂ ಇರಲಿಲ್ಲ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನೆಟ್ ಬಳಸುವುದೇ ಇಲ್ಲ. ತೊಂದರೆ ಸಂಜೆಯದು ಎಂದು ಎಲ್ಲರೂ ನಂಬಿದ್ದಕ್ಕೆ ಕಾರಣ, ಸಂಜೆ ಅದನ್ನು ನೋಡುವವರು ಇದ್ದರು ಎಂಬುದಷ್ಟೇ. ಇವತ್ತು ಬೆಳಿಗ್ಗೆ ಆರಕ್ಕೆ ಕರೆಂಟ್ ಹೋಗಿತ್ತೇ ಎಂದು ಕೇಳಿದೆ. ಮೇಷ್ಟ್ರು ಇಲ್ಲವೆಂದರು. ಹಾಲ್‌ನ ಮೂಲೆಯಲ್ಲಿ ಮೊರವಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅವರ ಪತ್ನಿ ತಲೆ ಎತ್ತದೆಯೇ ಹೇಳಿದರು: “ಕರೆಂಟ್ ಎಲ್ಲಿ ಹೋಗೇತಿ? ನಾ ಆರಕ್ಕ ಎದ್ದು ಮೋಟಾರ್ ಹಾಕೀನಿ.”

ಭದ್ರಾ ನಾಲೆಯ ನೀರನ್ನು ಕುಂದುವಾಡ ಕೆರೆಯಲ್ಲಿ ತುಂಬಿಸಿಕೊಂಡು ನಡೆಯುವ ಈ ಊರಿನಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಬಂದಾಗ ಸಂಪಿಗೆ ಬಿಟ್ಟುಕೊಂಡು, ಅಲ್ಲಿಂದ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಈ ಮನೆಯಲ್ಲಿ ಅದನ್ನು ಮಾಡುವವರು ಅಮ್ಮ ಒಬ್ಬರೇ, ಬೆಳಿಗ್ಗೆ ಆರಕ್ಕೊಮ್ಮೆ ಮತ್ತು ಬೇಕಾದಾಗ ಸಂಜೆ ಏಳು ಏಳೂವರೆಗೊಮ್ಮೆ. ಹಾಳೆಯಲ್ಲಿದ್ದ ಏಳು ದಾಖಲೆಗಳ ಗಂಟೆಗಳನ್ನು ಅವರಿಗೆ ಓದಿ ಹೇಳಿದೆ. ಐದನ್ನು ಅವರು ಕೂಡಲೇ ಒಪ್ಪಿದರು, ಎರಡರ ನೆನಪಿರಲಿಲ್ಲ.

ಮೋಟಾರಿನ ಪರೀಕ್ಷೆ

ಗಂಟೆಗಳು ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಿತೆಂದು ಹೇಳಲಾಗದು. ಮುಂದಿನ ಶನಿವಾರ ಮಲ್ಟಿಮೀಟರ್ ಮತ್ತು ನನ್ನದೊಂದು ಒಳ್ಳೆಯ 12 ವೋಲ್ಟ್ ಅಡಾಪ್ಟರ್ ಹಿಡಿದು ಹೋದೆ. ಮೊದಲು ಇದ್ದಂತೆಯೇ ಬಿಟ್ಟು, ಐದೈದು ನಿಮಿಷ ಬಿಡುವು ಕೊಟ್ಟು ಮೋಟಾರನ್ನು ಎಂಟು ಸಲ ಹಾಕಿಸಿದೆ. ಐದು ಸಲ ರೌಟರಿನ ದೀಪಗಳು ಆರಿದವು. ನಂತರ ಅಡಾಪ್ಟರ್ ಒಂದನ್ನೇ ಬದಲಿಸಿ ಮತ್ತೆ ಎಂಟು ಸಲ ಹಾಕಿಸಿದೆ. ಒಂದು ಸಲವೂ ಆರಲಿಲ್ಲ. ಅಲ್ಲಿಗೇ ನಿಲ್ಲಿಸುವುದು ಸುಲಭವಿತ್ತು, ಆದರೆ ಅಷ್ಟರಲ್ಲಿ ಬೇರೇನೋ ಬದಲಾಗಿರಲೂಬಹುದು. ಹಳೆಯದನ್ನು ಮರಳಿ ಹಾಕಿದಾಗ ದೋಷವೂ ಮರಳಿ ಬರಬೇಕು. ಹಾಕಿದೆ. ನಾಲ್ಕು ಸಲದಲ್ಲಿ ಎರಡು ಸಲ ಆರಿತು. ಈ ಹಿಂತಿರುಗಿ ನೋಡುವ ಹೆಜ್ಜೆಯನ್ನು ನಮ್ಮ ಕೆಲಸದಲ್ಲಿ ಬಹಳಷ್ಟು ಮಂದಿ ಬಿಡುತ್ತಾರೆ. ಬಿಟ್ಟಾಗ ಉಳಿಯುವುದು ಊಹೆ ಮಾತ್ರ.

ಹಳೆಯ ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿತ್ತು. ರೌಟರಿನ ತಳದಲ್ಲೂ ಅದೇ ಬರೆದಿತ್ತು. ಮೀಟರಿನಲ್ಲಿ ಅಳೆದರೆ ರೌಟರ್ ನಡೆಯುತ್ತಿರುವಾಗಲೂ 11.9 ವೋಲ್ಟ್ ಕೊಡುತ್ತಿತ್ತು. ಹೀಗಾಗಿ ಯಾರಿಗೂ ಅದರ ಮೇಲೆ ಅನುಮಾನ ಬರುವಂತಿರಲಿಲ್ಲ. ಕಂಪನಿಯವರು ರೌಟರ್ ಬದಲಾಯಿಸಿದಾಗ, ಹಳೆಯ ಪಿನ್ ಹೊಸ ಪೆಟ್ಟಿಗೆಗೂ ಹೊಂದಿದ್ದರಿಂದ 2020ರ ಆ ಅಡಾಪ್ಟರನ್ನು ಶೋಕೇಸಿನ ಹಿಂದೆಯೇ ಬಿಟ್ಟು ಹೋಗಿದ್ದರು. ಹೊಸ ರೌಟರಿಗೂ ಹಳೆಯ ರೋಗ ಅಂಟಿದ್ದು ಹಾಗೆ.

ನನ್ನ ಅಂಗಡಿಗೆ ತಂದು, ಒಳಗಿನ ಕೆಪಾಸಿಟರಿನ ವಿದ್ಯುತ್ತನ್ನು ಇಳಿಸಿ, ಅಡಾಪ್ಟರನ್ನು ಬಿಚ್ಚಿದೆ. (ಮನೆಯಲ್ಲಿ ಯಾರೂ ಇದನ್ನು ಬಿಚ್ಚಬಾರದು. 230 ವೋಲ್ಟ್ ಎಸಿ ಒಳಗೆ ಹೋಗಿ 325 ವೋಲ್ಟಿನವರೆಗಿನ ಡಿಸಿ ಆಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಅಲ್ಲಿ ಉಳಿದಿರಬಲ್ಲದು.) ಒಳಗೆ ಹೆಬ್ಬೆರಳ ತುದಿಯಷ್ಟಿನ ಕೆಪಾಸಿಟರ್. ಸಪಾಟಾಗಿರಬೇಕಾದ ಅದರ ನೆತ್ತಿ ಸಣ್ಣ ಗುಮ್ಮಟದಂತೆ ಉಬ್ಬಿತ್ತು, ಬುಡದಲ್ಲಿ ಕಂದು ಬಣ್ಣದ ಜಿಡ್ಡು ಒಣಗಿ ಕೂತಿತ್ತು. ಆ ಕೆಪಾಸಿಟರ್ ಒಂದು ಪುಟ್ಟ ಟ್ಯಾಂಕಿನಂತೆ: ಹೊರಗಿನ ವೋಲ್ಟೇಜ್ ಕ್ಷಣಕಾಲ ಕುಸಿದರೂ ತನ್ನಲ್ಲಿ ತುಂಬಿಕೊಂಡದ್ದನ್ನು ಕೊಟ್ಟು ರೌಟರನ್ನು ಉಳಿಸಿಕೊಳ್ಳಬೇಕು. ಒಳಗಿನ ದ್ರವ ಒಣಗಿ ಅದರ ಸಾಮರ್ಥ್ಯ ಬತ್ತಿದ ಮೇಲೆ, ಶಾಂತವಾದ ಹೊತ್ತಿನಲ್ಲಿ ಅದು ಹೇಗೋ ನಿಭಾಯಿಸುತ್ತದೆ, ಕುಸಿತ ಬಂದಾಗ ಕೈ ಬಿಡುತ್ತದೆ. ಶಾಖ 10 ಡಿಗ್ರಿ ಹೆಚ್ಚಾದರೆ ಇಂಥ ಕೆಪಾಸಿಟರಿನ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ನಮ್ಮ ಕೆಲಸದವರ ಲೆಕ್ಕ. ದಾವಣಗೆರೆಯ ಹಲವು ಬೇಸಿಗೆಗಳನ್ನು ಅದು ಟಿವಿಯ ಬೆನ್ನ ಹಿಂದೆ, ಗಾಳಿಯಾಡದ ಶೋಕೇಸಿನಲ್ಲಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿಕೊಂಡು ಕಳೆದಿತ್ತು. ಮಲ್ಟಿಮೀಟರ್ ಸೆಕೆಂಡಿಗೆ ಕೆಲವೇ ಸಲ ಅಳೆಯುವ ಸಾಧನವಾದ್ದರಿಂದ, ಸೆಕೆಂಡಿನ ಸಣ್ಣ ಪಾಲಿನಲ್ಲಿ ನಡೆದು ಮುಗಿಯುವ ಈ ಸೋಲು ಅದರ ಕಣ್ಣಿಗೆ ಬೀಳಲಿಲ್ಲ.

ಹೊಸ ಅಡಾಪ್ಟರ್ ಹಾಕಿ, ಅದನ್ನು ಶೋಕೇಸಿನಿಂದ ಹೊರಗೆ ತಂದು, ಕೆಲಸ ಮುಗಿಯಿತೆಂದು ಹೇಳಿ ಬಂದೆ.

ಉಳಿದ ಒಂದು ದಾಖಲೆ

ನಾಲ್ಕನೇ ದಿನ ಬೆಳಿಗ್ಗೆ ಸೊಸೆ ಫೋನ್ ಮಾಡಿದರು. ಲ್ಯಾಪ್‌ಟಾಪಿನಲ್ಲಿ ಮತ್ತೆ ಅದೇ, ಸಂಪರ್ಕವಿದೆ, ಇಂಟರ್ನೆಟ್ ಇಲ್ಲ. ಮಾವನ ಫೋನಿನಲ್ಲಿ ನೆಟ್ ಇದೆ, ದೀಪಗಳೆಲ್ಲ ಹಸಿರಾಗಿವೆ. ಅಪ್‌ಟೈಮ್ ನೋಡಿ ಹೇಳಿ ಎಂದೆ. ನಾಲ್ಕು ದಿನ ತೋರಿಸುತ್ತಿತ್ತು, ಅಂದರೆ ರೌಟರ್ ಒಮ್ಮೆಯೂ ಆರಿಲ್ಲ. ನಾನು ಪಕ್ಕಕ್ಕಿಟ್ಟಿದ್ದ ನಾಲ್ಕನೇ ದಾಖಲೆ ನೆನಪಾಯಿತು. ಏನನ್ನೂ ಮುಟ್ಟಬೇಡಿ, ಬಂದೆ ಎಂದು ಹೇಳಿ ಹೊರಟೆ.

ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ‘ಐಪಿಕಾನ್ಫಿಗ್’ ಆದೇಶ ಕೊಟ್ಟಾಗ ಅದರ ವಿಳಾಸ 192.168.0.104 ಎಂದೂ, ಹೊರಹೋಗುವ ಬಾಗಿಲು, ಅಂದರೆ ಗೇಟ್‌ವೇ, 192.168.0.1 ಎಂದೂ ಬಂತು. ಈ ಮನೆಯ ಕೆಳಗಿನ ರೌಟರ್ ಕೊಡುವ ವಿಳಾಸಗಳೆಲ್ಲ 192.168.1ರಿಂದ ಶುರುವಾಗುವಂಥವು. ಮೂರನೇ ಅಂಕಿ ಒಂದರ ಬದಲು ಸೊನ್ನೆ. ಎಂಟು ತಿಂಗಳ ಕಿರಿಕಿರಿಯ ಅರ್ಧ ಪಾಲು ಆ ಒಂದು ಅಂಕಿಯಲ್ಲಿತ್ತು.

ಮನೆಯ ಜಾಲಕ್ಕೆ ಸೇರುವ ಪ್ರತಿ ಸಾಧನವೂ ಮೊದಲು ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ಆ ಕೂಗಿಗೆ ಉತ್ತರಿಸುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ಒಂದು ಮನೆಯಲ್ಲಿ ಇದನ್ನು ಒಂದೇ ರೌಟರ್ ಮಾಡಬೇಕು. ಸಂಬಂಧಿಕರ ಹುಡುಗ ಮೇಲಿನ ರೌಟರನ್ನು ಲ್ಯಾನ್‌ನಿಂದ ಲ್ಯಾನ್‌ಗೆ, ಅಂದರೆ ಮನೆಯೊಳಗಿನ ಜಾಲದ ಕಿಂಡಿಯಿಂದ ಕಿಂಡಿಗೆ, ಜೋಡಿಸಿದ್ದು ಸರಿಯಾಗಿಯೇ ಇತ್ತು, ಆದರೆ ಅದರ ಡಿಎಚ್‌ಸಿಪಿಯನ್ನು ಆಫ್ ಮಾಡಿರಲಿಲ್ಲ. ಹೀಗಾಗಿ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾದರು, ಮೊದಲು ಉತ್ತರಿಸಿದವರದ್ದೇ ವಿಳಾಸ. ಕೆಳಗಿನದು ಉತ್ತರಿಸಿದರೆ ನೆಟ್ ನಡೆಯುತ್ತದೆ. ಮೇಲಿನದು ಉತ್ತರಿಸಿದರೆ ‘ಹೊರಗೆ ಹೋಗುವ ಬಾಗಿಲು ನಾನೇ’ ಎಂದು ಹೇಳಿಬಿಡುತ್ತದೆ, ಆದರೆ ಅದರ ಇಂಟರ್ನೆಟ್ ಕಿಂಡಿಗೆ ಯಾವ ತಂತಿಯೂ ಇಲ್ಲ. ವೈ-ಫೈ ಗೆರೆಗಳು ತುಂಬಿರುತ್ತವೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ. ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಬರುತ್ತದೆ ಎಂದು ಸೊಸೆ ಹೇಳಿದ್ದು ಈ ಪೈಪೋಟಿಯ ಫಲಿತಾಂಶವನ್ನೇ.

ಇನ್ನು ಎರಡು ದೋಷಗಳು ಕೈಕೈ ಹಿಡಿದ ಬಗೆ. ಹಾಲ್‌ನ ಪ್ಲಗ್ ನೇರವಾಗಿ ಮೇನ್ ಲೈನಿನದು, ಮೇಲಿನ ಕೋಣೆಯ ಪ್ಲಗ್ ಇನ್ವರ್ಟರ್ ಲೈನಿನದು. ಮೋಟಾರ್ ಹಾಕಿದಾಗ ಕೆಳಗಿನ ರೌಟರ್ ಸಾಯುತ್ತಿತ್ತು, ಮೇಲಿನದು ಬದುಕಿರುತ್ತಿತ್ತು. ಎರಡಕ್ಕೂ ಒಂದೇ ಹೆಸರಿದ್ದುದರಿಂದ ಕೆಳಗಿನದಕ್ಕೆ ಅಂಟಿಕೊಂಡಿದ್ದ ಸಾಧನಗಳಲ್ಲಿ ಕೆಲವು ತಾವಾಗಿಯೇ ಮೇಲಿನದಕ್ಕೆ ಜಿಗಿದು ವಿಳಾಸ ಕೇಳುತ್ತಿದ್ದವು. ಆ ಮೂರು ನಿಮಿಷ ಮನೆಯಲ್ಲಿ ಉತ್ತರಿಸುವುದಕ್ಕೆ ಇದ್ದದ್ದು ಮೇಲಿನ ರೌಟರ್ ಒಂದೇ. ಆಗ ತಪ್ಪು ವಿಳಾಸ ಪಡೆದ ಸಾಧನ, ಕೆಳಗಿನದು ಎದ್ದು ಕೂತ ಮೇಲೂ ಅದನ್ನು ಬಿಡುವುದಿಲ್ಲ. ಆ ರೌಟರ್ ವಿಳಾಸವನ್ನು ಎರಡು ಗಂಟೆಯ ಅವಧಿಗೆ ಕೊಡುತ್ತಿತ್ತು. ಅರ್ಧ ಅವಧಿ ಕಳೆದಾಗ ಸಾಧನವು ವಿಳಾಸ ಕೊಟ್ಟವರನ್ನೇ ಮತ್ತೆ ಕೇಳಿ ನವೀಕರಿಸಿಕೊಳ್ಳುವುದು ಡಿಎಚ್‌ಸಿಪಿಯ ನಿಯಮ. ಕೊಟ್ಟವರು ಪಕ್ಕದಲ್ಲೇ ಇದ್ದಾರೆ, ಮತ್ತೆ ಎರಡು ಗಂಟೆ ಕೊಡುತ್ತಾರೆ. ಮೂರು ನಿಮಿಷದ ಕಡಿತ ಮೇಲಿನ ಕೋಣೆಯಲ್ಲಿ ರಾತ್ರಿ ಹತ್ತರವರೆಗೆ ಬೆಳೆಯುತ್ತಿದ್ದುದು ಹೀಗೆ. ಮೋಟಾರ್ ಹಾಕುವ ಹೊತ್ತೂ ಸೊಸೆಯ ಮೀಟಿಂಗಿನ ಹೊತ್ತೂ ಒಂದೇ ಆಗಿದ್ದುದು ಆಕೆಯ ದುರದೃಷ್ಟ.

ಇದನ್ನೆಲ್ಲ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು, ಸೊಸೆಯ ಕಡೆ ತಿರುಗಿ, “ನಿನ್ನ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲವಮ್ಮಾ” ಎಂದರು. “ನಾನು ಮೊದಲಿಂದ ಅದನ್ನೇ ಹೇಳ್ತಿದ್ದೆನಲ್ಲ ಮಾವ” ಎಂದರು ಆಕೆ.

ದುರಸ್ತಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೇಲಿನ ರೌಟರಿನ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಕೆಳಗಿನ ರೌಟರ್ ಹಂಚುವ ವಿಳಾಸಗಳು 2ರಿಂದಲೇ ಆರಂಭವಾಗುತ್ತಿದ್ದುದರಿಂದ, ಮುಂದೊಂದು ದಿನ ಯಾರದೋ ಫೋನಿಗೂ ಅದೇ ವಿಳಾಸ ಹೋಗಿ ಹೊಸ ತಗಾದೆ ಹುಟ್ಟದಂತೆ ಆ ಆರಂಭವನ್ನು 10ಕ್ಕೆ ಏರಿಸಿದೆ. ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಸಲ ವಿಳಾಸ ಬಿಡಿಸಿ ಮತ್ತೆ ಕೇಳಿಸಿದೆ. ಇಪ್ಪತ್ತು ಸಲವೂ 192.168.1ರ ವಿಳಾಸವೇ ಬಂತು. ಎರಡೂ ಪೆಟ್ಟಿಗೆಗಳ ತಳಕ್ಕೆ ಚೀಟಿ ಅಂಟಿಸಿ, ಯಾವುದು ವಿಳಾಸ ಕೊಡುತ್ತದೆ, ಯಾವುದು ಕೊಡಬಾರದು ಎಂದು ಬರೆದಿಟ್ಟೆ. ಮೇಲಿನ ರೌಟರಿನ ರೀಸೆಟ್ ಗುಂಡಿಯನ್ನು ಯಾರಾದರೂ ಒತ್ತಿದರೆ ಡಿಎಚ್‌ಸಿಪಿ ಮತ್ತೆ ಜೀವ ಪಡೆಯುತ್ತದೆ ಎಂಬುದನ್ನೂ ಸೇರಿಸಿದೆ. ಕೆಳಗಿನ ರೌಟರಿನ ಪ್ಲಗ್ಗನ್ನು ಕೂಡ ಇನ್ವರ್ಟರ್ ಲೈನಿಗೆ ತಂದದ್ದರಿಂದ ಕರೆಂಟ್ ಹೋದಾಗಲೂ ನೆಟ್ ಉಳಿಯುವಂತಾಯಿತು.

ಕಪ್ಪಾಗಿದ್ದ ತಂತಿ

ನನಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಮೋಟಾರಿನ ಪರೀಕ್ಷೆಯ ದಿನ ಹಾಲ್‌ನ ಪ್ಲಗ್ಗಿನಲ್ಲಿ 220 ಇದ್ದ ವೋಲ್ಟೇಜ್, ಮೋಟಾರ್ ಹೊರಡುವ ಕ್ಷಣದಲ್ಲಿ 168ಕ್ಕೆ ಇಳಿದದ್ದು ಮೀಟರಿನ ‘ಕನಿಷ್ಠ’ ದಾಖಲೆಯಲ್ಲಿ ಸಿಕ್ಕಿತ್ತು. ಆ ಕ್ಷಣಕ್ಕಿಂತಲೂ ಸೂಕ್ಷ್ಮವಾಗಿ ನಡೆದದ್ದು ಮೀಟರಿಗೆ ಸಿಕ್ಕಿರಲಾರದು, ಸಿಕ್ಕಷ್ಟೇ ಹೆಚ್ಚಾಗಿತ್ತು. ಮೋಟಾರುಗಳು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುವುದು ಸಹಜವಾದರೂ, ಒಂದು ಎಚ್‌ಪಿ ಮೋಟಾರಿಗೆ ಐವತ್ತು ವೋಲ್ಟ್ ಕುಸಿಯುವುದು ಸಹಜವಲ್ಲ. ಮೋಟಾರ್ ಹಾಕಿದಾಗ ಬಲ್ಬು ಮಂಕಾಗುತ್ತದೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಬಹಳ ದಿನಗಳಿಂದ ನೋಡಿ ನೋಡಿ ಅದು ಕಣ್ಣಿಗೆ ಒಗ್ಗಿಹೋಗಿತ್ತು.

ಇದು ನನ್ನ ಕೆಲಸವಲ್ಲ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ನೋಡಬೇಕು ಎಂದು ಒತ್ತಾಯಿಸಿ ಕರೆಸಿದೆ. ಅವರು ಮೇನ್ ಸ್ವಿಚ್ಚಿನ ಮುಚ್ಚಳ ತೆಗೆದಾಗ ಫೇಸ್ ತಂತಿಯ ತುದಿ ಬೆರಳುದ್ದ ಕಪ್ಪಾಗಿ, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ ಸುರುಟಿಕೊಂಡಿತ್ತು. ಸ್ಕ್ರೂ ಸಡಿಲವಾಗಿತ್ತು. ಸಡಿಲ ಜೋಡಣೆಯಲ್ಲಿ ಕರೆಂಟ್ ಹರಿದಾಗ ಶಾಖ ಹುಟ್ಟುತ್ತದೆ, ಶಾಖದಿಂದ ಜೋಡಣೆ ಇನ್ನಷ್ಟು ಹದಗೆಡುತ್ತದೆ. ಅದು ಹೀಗೆಯೇ ಸಾಗಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿತ್ತು. ಅವರು ಸುಟ್ಟ ಭಾಗವನ್ನು ಕತ್ತರಿಸಿ, ಹೊಸ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಹಿಡಿ) ಹಾಕಿ ಬಿಗಿದ ಮೇಲೆ ಮೋಟಾರ್ ಹೊರಡುವಾಗಿನ ವೋಲ್ಟೇಜ್ 204ಕ್ಕಿಂತ ಕೆಳಗಿಳಿಯಲಿಲ್ಲ. ಆ ದಿನ ಬಲ್ಬು ಮಂಕಾಗದ್ದನ್ನು ಮೊದಲು ಗಮನಿಸಿದವರು ಅಮ್ಮ. ರೌಟರಿನ ದೀಪಗಳು ಎಂಟು ತಿಂಗಳಿನಿಂದ ಆರಿ ಆರಿ ಹೇಳುತ್ತಿದ್ದುದು ಈ ತಂತಿಯ ಸುದ್ದಿಯನ್ನೂ ಸೇರಿಸಿ ಎಂದು ನನಗೆ ಅನ್ನಿಸಿತು.

ದುರಸ್ತಿಯ ನಂತರವೂ ಮೂರು ವಾರ ಹಾಳೆ ತುಂಬುವುದನ್ನು ನಿಲ್ಲಿಸಬೇಡಿ ಎಂದು ಮೇಷ್ಟ್ರಿಗೆ ಹೇಳಿದ್ದೆ. ಈ ಸಲ ಅವರು ಫೆಬ್ರವರಿಯ ಹಾಳೆಯನ್ನು ಬಳಸಿದ್ದರು. ಅದರಲ್ಲಿ ಇದ್ದದ್ದು ಒಂದೇ ದಾಖಲೆ: ‘ರಾತ್ರಿ 9-15. ಮೇಲೆ ಕೆಳಗೆ ಎರಡೂ ಕಡೆ ಇಲ್ಲ. ಪವರ್ ದೀಪ ಇದೆ. ಎಲ್‌ಓಎಸ್ ಕೆಂಪು. ಫೈಬರ್ ತುಂಡಾಗಿರಬೇಕು. ಕಂಪನಿಗೆ ಫೋನ್ ಮಾಡಿ ದೀಪದ ಬಣ್ಣ ಹೇಳಿದೆ.’ ಪಕ್ಕದ ರಸ್ತೆಯಲ್ಲಿ ಚರಂಡಿ ಅಗೆಯುವಾಗ ಕಡಿದುಹೋಗಿದ್ದ ತಂತಿಯನ್ನು ಮರುದಿನ ಬೆಳಿಗ್ಗೆ ಹತ್ತರೊಳಗೆ ಬೆಸೆದು ಹೋದರು. ರೌಟರನ್ನು ಯಾರೂ ಆಫ್ ಮಾಡಿ ಆನ್ ಮಾಡಿರಲಿಲ್ಲ.